ಮೈದಾನದ ನಡುವೆ ನಿಂತ ಬೆಂಬೆಮ್: ಬಾಗೇವಾಡಿ ಅಪ್ಪನ ಪ್ರಶ್ನೆಗೆ ಇಂಫಾಲದ ಉತ್ತರ

 

ಹೋದ ಎಪಿಸೋಡ್ ಆದಮೇಲೆ ಬಸವನ ಬಾಗೇವಾಡಿ ಕಡೆಯ ಕೇಳುಗರೊಬ್ಬರು ಒಂದು ಮೆಸೇಜ್ ಹಾಕಿದ್ರು. "ನನ್ನ ಮಗಳು ಎಂಟನೇ ಕ್ಲಾಸ್. ಫುಟ್‌ಬಾಲ್ ಆಡ್ತೀನಿ ಅಂತಾಳ. ಆಡಿ ಏನು ಮಾಡ್ತಾಳ್ರಿ?" ಇಷ್ಟೇ. ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. ನಾನು ಬಿ.ಕಾಂ. ಓದಿದವನು, ಲೆಕ್ಕ ಕೇಳಿದ್ರೆ ನನಗೆ ಬೇಜಾರಿಲ್ಲ. ಆದ್ರೆ ಉತ್ತರ ಕೊಡೋಕೆ ನಮ್ಮ ಜಿಲ್ಲೆಯ ಫುಟ್‌ಬಾಲ್ ಆಟಗಾರ್ತಿಯ ಹೆಸರು ಹುಡುಕಿದ್ರೆ ನನಗೆ ಒಂದೂ ನೆನಪಾಗಲಿಲ್ಲ. ಹಾಗಾಗಿ ಈ ಸಲ ದೂರ ಹೋಗೋಣ, ಮಣಿಪುರದ ಇಂಫಾಲಕ್ಕೆ. ಕೊನೆಗೆ ಬಾಗೇವಾಡಿಗೇ ವಾಪಸ್ ಬರ್ತೀನಿ.

ಅವರ ಹೆಸರು ಓಯಿನಮ್ ಬೆಂಬೆಮ್ ದೇವಿ. ಹುಟ್ಟಿದ್ದು 1980ರ ಏಪ್ರಿಲ್ 4. ಆಡಿದ ಜಾಗ ಮಿಡ್‌ಫೀಲ್ಡ್. ಫುಟ್‌ಬಾಲ್ ನೋಡದವರಿಗೆ ಒಂದು ಮಾತು ಹೇಳಿಬಿಡ್ತೀನಿ. ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೂತಿರ್ತಾರಲ್ಲ, ಹಂಗೇ ಈ ಜಾಗ. ಯಾವ ಬಸ್ ಬಂತು, ಯಾವುದು ಹೊರಡಬೇಕು, ಸಿಂದಗಿ ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲ ಅವರ ಕಣ್ಣಮುಂದೆ ಹಾದುಹೋಗಬೇಕು. ಜನ ನೆನಪಿಡೋದು ಡ್ರೈವರ್‌ನನ್ನ. ಕಂಟ್ರೋಲರ್ ಇಲ್ಲದ ದಿನ ಮಾತ್ರ ಅವರ ಬೆಲೆ ಗೊತ್ತಾಗುತ್ತೆ. ಗೋಲ್ ಹೊಡೆದವರ ಫೋಟೋ ಪೇಪರ್‌ನಲ್ಲಿ ಬರುತ್ತೆ. ಹಿಂದಿನಿಂದ ಬಂದ ಚೆಂಡು ಹಿಡಿದು, ತಲೆ ಎತ್ತಿ ನೋಡಿ, ಮುಂದಿನವರ ಕಾಲಿಗೆ ಮುಟ್ಟಿಸೋದು ಮಿಡ್‌ಫೀಲ್ಡರ್ ಕೆಲಸ.

ಬೆಂಬೆಮ್ ಸಣ್ಣವರಿದ್ದಾಗ ಅವರ ಓಣಿಯಲ್ಲಿ ಫುಟ್‌ಬಾಲ್ ಆಡ್ತಿದ್ದದ್ದು ಹುಡುಗರು. ಅವರ ಜೊತೆ ಸೇರೋಕೆ ಈ ಹುಡುಗಿ ತನ್ನ ಹೆಸರನ್ನೇ ಬದಲಿಸಿಕೊಂಡಳು. ಬೊಬೊ ಅಂತ, ಅಮ್ಕೋ ಅಂತ ಹುಡುಗರ ಹೆಸರು ಹೇಳಿಕೊಂಡು ಆಡ್ತಿದ್ದೆ ಅನ್ನೋದನ್ನ ಅವರೇ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಮಣಿಪುರ ಅಂದ್ರೆ ಹೆಂಗಸರು ಬಯಲಿಗೆ ಬಂದು ನಿಂತ ನಾಡು. ಇಂಫಾಲದ ಇಮಾ ಕೈಥೆಲ್ ಸಂತೆಯಲ್ಲಿ ವ್ಯಾಪಾರ ಮಾಡೋರೆಲ್ಲ ಹೆಂಗಸರೇ. 1939ರಲ್ಲಿ ಅಕ್ಕಿಯ ಅಭಾವ ಇದ್ದಾಗಲೂ ಅಕ್ಕಿ ಹೊರಗೆ ಸಾಗಿಸ್ತಾರೆ ಅಂತ ಬೀದಿಗಿಳಿದು ಹೋರಾಡಿದವರೂ ಹೆಂಗಸರೇ, ಅದಕ್ಕೆ ನುಪಿ ಲಾನ್ ಅಂತಾರೆ. ಅಂಥ ಊರಲ್ಲೂ ಒಬ್ಬ ಹುಡುಗಿ ಚೆಂಡು ಒದೆಯೋಕೆ ಗಂಡುಹೆಸರು ಇಟ್ಟುಕೊಳ್ಳಬೇಕಾಯ್ತು. ಅಲ್ಲಿ ಎಲ್ಲ ಸರಳ, ನಮ್ಮಲ್ಲಿ ಮಾತ್ರ ಕಷ್ಟ ಅಂತ ತಿಳ್ಕೊಬ್ಯಾಡ್ರಿ.

ವ್ಯತ್ಯಾಸ ಇದ್ದದ್ದು ಮುಂದಿನ ಮೆಟ್ಟಿಲಲ್ಲಿ. 1991ರಲ್ಲಿ ಬೆಂಬೆಮ್ ಮಣಿಪುರದ 13 ವರ್ಷದೊಳಗಿನವರ ತಂಡಕ್ಕೆ ಆಯ್ಕೆ ಆದ್ರು. ವಯಸ್ಸು 11. ಅಲ್ಲಿಂದ ಇಂಫಾಲದ ಕ್ಲಬ್ಬುಗಳು, ಅಲ್ಲಿಂದ ರಾಜ್ಯ ತಂಡ. ಮಣಿಪುರದಲ್ಲಿ ಓಣಿಗೊಂದು ಕ್ಲಬ್ ಅನ್ನೋ ಹಾಗೆ ಕ್ಲಬ್ಬುಗಳಿವೆ. ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ್ನ ಆ ಸಣ್ಣ ರಾಜ್ಯ 20ಕ್ಕೂ ಹೆಚ್ಚು ಸಲ ಗೆದ್ದಿದೆ. ಒಬ್ಬಳು ಪ್ರತಿಭಾವಂತೆ ಹುಟ್ಟೋದು ಅದೃಷ್ಟ ಇರಬಹುದು, 20 ಸಲ ಗೆಲ್ಲೋದು ಅದೃಷ್ಟ ಅಲ್ಲ.

1995ರಲ್ಲಿ ಮಲೇಷ್ಯಾದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗುವಾಮ್ ವಿರುದ್ಧ ಬೆಂಬೆಮ್ ಭಾರತಕ್ಕಾಗಿ ಮೊದಲ ಸಲ ಆಡಿದ್ರು. ವಯಸ್ಸು 15. ನಮ್ಮ ಕಡೆ ಹತ್ತನೇ ಕ್ಲಾಸ್ ಪರೀಕ್ಷೆಯ ವಯಸ್ಸು.

ಆದ್ರೆ ಆಕೆ ಸೇರಿದ್ದು ಎಂಥ ತಂಡ? ಇಲ್ಲಿ ಹಳೇ ಖಾತೆ ತೆಗೀಬೇಕು. ನಮ್ಮ ದೇಶದಲ್ಲಿ ಮಹಿಳೆಯರ ಫುಟ್‌ಬಾಲ್‌ಗೆ ಅಂತಲೇ ಒಂದು ಫೆಡರೇಷನ್ ಆಗಿದ್ದು 1975ರಲ್ಲಿ. ಬರೀ ಐದು ವರ್ಷದಲ್ಲಿ, 1980ರ ಜನವರಿಯಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆಯಿತು, ಭಾರತ ಫೈನಲ್‌ಗೆ ಹೋಯಿತು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಥಾಯ್ಲೆಂಡ್ ಎದುರು ಸೋಲು. ಅದೇ ವರ್ಷ ಬಂಗಾಳದ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಆದ್ರು. ಏಷ್ಯಾದಲ್ಲಿ ಎರಡನೇ ಸ್ಥಾನ, ಒಂದಲ್ಲ, ಎರಡು ಸಲ!

ಆಮೇಲೆ ಆ ಬಂಡವಾಳ ಕರಗಿತು. ಮಹಿಳೆಯರ ಆಟ ಮುಖ್ಯ ಫೆಡರೇಷನ್‌ನ ಕೈಕೆಳಗೆ ಬಂದಿದ್ದೇ 1990ರ ದಶಕದ ಶುರುವಿನಲ್ಲಿ. ಅಷ್ಟರಲ್ಲಿ ಚೀನಾ, ಜಪಾನ್ ಎಲ್ಲೋ ಮುಂದೆ ಹೋಗಿದ್ವು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚೀನಾ ಎದುರು ಭಾರತ 16–0 ಅಂತರದಲ್ಲಿ ಸೋತಿತು. ಇದಕ್ಕಿಂತ ಕೆಟ್ಟದ್ದೂ ಇದೆ. 2009ರ ಹೊತ್ತಿಗೆ ಭಾರತ ಮಹಿಳಾ ತಂಡದ ಹೆಸರೇ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದ ಹೋಗಿಬಿಟ್ಟಿತ್ತು. ಸೋತಿದ್ದಕ್ಕಲ್ಲ, ಒಂದೂವರೆ ವರ್ಷ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದೇ ಇದ್ದಿದ್ದಕ್ಕೆ. ಸೋತ್ರೆ ಪುಸ್ತಕದಲ್ಲಿ ನಷ್ಟ ಅಂತ ಬರೀಬಹುದು. ಆಡೋಕೇ ಬಿಡದಿದ್ರೆ ಏನಂತ ಬರೀತೀರಿ?

ಯೋಚನೆ ಮಾಡ್ರಿ, ಆಗ ಬೆಂಬೆಮ್‌ಗೆ 29. ಬಹಳ ಆಟಗಾರರು ಬೂಟು ಬಿಚ್ಚೋಕೆ ತಯಾರಾಗೋ ವಯಸ್ಸು. 2001ರಲ್ಲೇ ದೇಶದ ವರ್ಷದ ಆಟಗಾರ್ತಿ ಪ್ರಶಸ್ತಿ ಬಂದಿತ್ತು. ಬಿಟ್ಟಿದ್ರೂ ಯಾರೂ ಏನೂ ಅಂತಿರಲಿಲ್ಲ. ಅವರು ಬಿಡಲಿಲ್ಲ. ಹ್ಯಾಂಗ ತಡೆದುಕೊಂಡ್ರು ಅಂತ ಕೇಳಿದ್ರೆ, ಒಂದು ಕಾರಣ ಧೈರ್ಯ, ಇನ್ನೊಂದು ಸಂಬಳ. ಅವರಿಗೆ ಮಣಿಪುರ ಪೊಲೀಸ್‌ನಲ್ಲಿ ಕೆಲಸ ಇತ್ತು. ಧೈರ್ಯದ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಕಾಮರ್ಸ್‌ನವನು, ಸಂಬಳದ ಬಗ್ಗೆ ಮಾತಾಡ್ತೀನಿ. ತಿಂಗಳ ಕೊನೆಗೆ ಮನೆ ನಡೆಯುತ್ತೆ ಅಂದಾಗ ಮಾತ್ರ ಒಬ್ಬ ಹೆಣ್ಣುಮಗಳು ಪಂದ್ಯಗಳೇ ಇಲ್ಲದ ವರ್ಷದಲ್ಲೂ ಪ್ರಾಕ್ಟೀಸ್ ಮಾಡಬಲ್ಲಳು.

2010 ಬಂತು. ಢಾಕಾದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ. ಅದೇ ವರ್ಷದ ಕೊನೆಗೆ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಮೊದಲ ಮಹಿಳಾ ಸ್ಯಾಫ್ ಚಾಂಪಿಯನ್‌ಷಿಪ್, ಅಲ್ಲೂ ಭಾರತವೇ ಗೆದ್ದಿತು, ಬೆಂಬೆಮ್ ನಾಯಕಿ. 2012ರಲ್ಲಿ ಮತ್ತೆ, 2014ರಲ್ಲಿ ಮತ್ತೆ ಸ್ಯಾಫ್ ಕಪ್. 2013ಕ್ಕೆ ಎರಡನೇ ಸಲ ವರ್ಷದ ಆಟಗಾರ್ತಿ, ಮೊದಲ ಸಲಕ್ಕೂ ಇದಕ್ಕೂ 12 ವರ್ಷದ ಅಂತರ. 2014ರಲ್ಲಿ ಮಾಲ್ಡೀವ್ಸ್‌ನ ನ್ಯೂ ರೇಡಿಯಂಟ್ ಕ್ಲಬ್ ಕರೆಸಿಕೊಂಡಿತು. 2016ರ ಫೆಬ್ರವರಿಯಲ್ಲಿ ಶಿಲ್ಲಾಂಗ್‌ನಲ್ಲಿ ನೇಪಾಳವನ್ನು 4–0 ಅಂತರದಲ್ಲಿ ಸೋಲಿಸಿ ಭಾರತ ಮತ್ತೊಂದು ಚಿನ್ನ ಗೆದ್ದಾಗ ಬೆಂಬೆಮ್ ಆಟಕ್ಕೆ ಕೈಮುಗಿದ್ರು. 15ಕ್ಕೆ ಶುರು, 35ಕ್ಕೆ ವಿದಾಯ.

2017ರಲ್ಲಿ ಮೊದಲ ಇಂಡಿಯನ್ ವಿಮೆನ್ಸ್ ಲೀಗ್ ನಡೆದಾಗ ಗೆದ್ದಿದ್ದು ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. ಆ ತಂಡವನ್ನ ನಡೆಸಿದವರಲ್ಲಿ ಬೆಂಬೆಮ್ ಇದ್ರು. ಅದೇ ವರ್ಷ ಅರ್ಜುನ ಪ್ರಶಸ್ತಿ. ಶಾಂತಿ ಮಲ್ಲಿಕ್ ಆದಮೇಲೆ ಮಹಿಳಾ ಫುಟ್‌ಬಾಲ್‌ಗೆ ಬಂದ ಎರಡನೇ ಅರ್ಜುನ, ನಡುವೆ 34 ವರ್ಷ. 2020ರಲ್ಲಿ ಪದ್ಮಶ್ರೀ. ಅದನ್ನ ಪಡೆದ ಮೊದಲ ಭಾರತೀಯ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಅವರೇ.

ಈಗ ಮನೆಗೆ ಬರೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ನಮ್ಮ ಹುಡುಗ್ಯಾರಿಗೆ ಕಾಲಲ್ಲಿ ಕಸುವಿಲ್ಲ ಅಂತ ಹೇಳೋರು ಯಾರೂ ಇಲ್ಲ. ಖೋಖೋ ನೋಡ್ರಿ, ಕಬಡ್ಡಿ ನೋಡ್ರಿ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ತೆಗೆದ್ರು. ಇನ್ನು ಸೈಕಲ್. ನಮ್ಮ ಜಿಲ್ಲೆಯ ಸೈಕ್ಲಿಸ್ಟ್‌ಗಳ ಹೆಸರು ದೇಶಕ್ಕೇ ಗೊತ್ತು. ಯಾಕಂದ್ರೆ ಸೈಕ್ಲಿಂಗ್‌ಗೆ ಇಲ್ಲಿ ಮೆಟ್ಟಿಲಿದೆ: ಹಳ್ಳಿಯ ಹುಡುಗಿಯನ್ನ ಗುರುತಿಸೋರು, ಕ್ರೀಡಾ ನಿಲಯ, ಕೋಚ್, ಆಮೇಲೆ ಕ್ರೀಡಾ ಕೋಟಾದ ನೌಕರಿ. ಹಿರಿಯಳು ಹತ್ತಿದ್ದನ್ನ ಕಿರಿಯಳು ನೋಡ್ತಾಳೆ, ಅವಳೂ ಹತ್ತುತಾಳೆ. ನಾವು ಮಣಿಪುರ ಆಗಬಲ್ಲೆವು ಅನ್ನೋದಕ್ಕೆ ಇಂಫಾಲದ ಸಾಕ್ಷಿ ಬೇಕಾಗಿಲ್ಲ, ಸೈಕಲ್ಲೇ ಸಾಕ್ಷಿ. ಫುಟ್‌ಬಾಲ್‌ಗೆ ಆ ಮೆಟ್ಟಿಲು ಇನ್ನೂ ಕಟ್ಟಬೇಕು.

ಬಾಗೇವಾಡಿಯ ಅಣ್ಣಾರ‍್ರೀ, ನಿಮ್ಮ ಪ್ರಶ್ನೆಗೆ ಬರ್ತೀನಿ. "ಆಡಿ ಏನು ಮಾಡ್ತಾಳ?" ಖರೇ ಹೇಳಬೇಕಂದ್ರ, ನಿಮ್ಮ ಮಗಳು ಬೆಂಬೆಮ್ ಆಗ್ತಾಳ ಅಂತ ನಾನು ಬರೆದುಕೊಡಲಾರೆ. ಆದ್ರೆ ಎಂಟನೇ ಕ್ಲಾಸ್ ತಡ ಅಲ್ಲ. ಶಾಲಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆ, ವಿಭಾಗ, ರಾಜ್ಯದ ಮಟ್ಟಕ್ಕೆ ಹೋಗುತ್ತೆ. ಶಾಲೆಯ ಪಿ.ಟಿ. ಮಾಸ್ತರ್ ಹತ್ರ ಹೋಗಿ, ಹುಡುಗಿಯರ ತಂಡ ಮಾಡ್ತೀರೇನು ಅಂತ ನೀವೇ ಕೇಳ್ರಿ. ಅಪ್ಪ ಬಂದು ಕೇಳಿದ್ರೆ ಮಾಸ್ತರರಿಗೂ ಬಲ ಬರುತ್ತೆ. ತಂಡಕ್ಕೆ 11 ಜನ ಬೇಕು, ಅಂದ್ರೆ ಇನ್ನೂ ಹತ್ತು ಅಪ್ಪಂದಿರ ಜೊತೆ ಮಾತಾಡಬೇಕು. ಈ ಎಪಿಸೋಡ್ ಅವರಿಗೂ ಕಳಿಸ್ರಿ.

ಕೊನೆಗೆ ಒಂದು ಸುದ್ದಿ. 2025ರ ಜುಲೈನಲ್ಲಿ ಭಾರತ ಮಹಿಳಾ ತಂಡ ಅರ್ಹತಾ ಪಂದ್ಯಗಳನ್ನ ಗೆದ್ದು ಏಷ್ಯನ್ ಕಪ್‌ಗೆ ಹೋಗೋ ಹಕ್ಕು ಪಡೆಯಿತು. ಕೊನೇ ಪಂದ್ಯದಲ್ಲಿ ಎದುರಿಗಿದ್ದದ್ದು 1983ರ ಫೈನಲ್‌ನಲ್ಲಿ ನಮ್ಮನ್ನ ಸೋಲಿಸಿದ್ದ ಅದೇ ಥಾಯ್ಲೆಂಡ್. ಅವರದೇ ನೆಲದಲ್ಲಿ 2–1. ಎರಡೂ ಗೋಲ್ ಹೊಡೆದದ್ದು ಸಂಗೀತಾ ಬಾಸ್ಫೋರ್. ಆಕೆ ಆಡೋ ಜಾಗ ಮಿಡ್‌ಫೀಲ್ಡ್.

ನಿಮ್ಮ ಮಗಳಿಗೆ ಈ ಹೆಸರೂ ಹೇಳ್ರಿ. ಅವಳು ಆಡುವಾಗ ತನ್ನ ಹೆಸರನ್ನೇ ಇಟ್ಟುಕೊಂಡು ಆಡಲಿ. ಮುಂದಿನ ವಾರ ಸಿಗೋಣ. ಬರ್ತೀನ್ರೀ.