ರಾಜ್ಯದ ಗಡಿ, ರಾಜಧಾನಿ ಮತ್ತು ಹೆಸರಿನ ಬದಲಾವಣೆಗಳು

ಮೈಸೂರು ಸಂಸ್ಥಾನದ ಆಡಳಿತವು 1831ರಲ್ಲಿ ಬ್ರಿಟಿಷರ ವಶವಾದ ನಂತರ ಆಡಳಿತ ಕೇಂದ್ರವು ಮೈಸೂರಿನಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿತು. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಈ ಕೆಳಕಂಡ ಪ್ರದೇಶಗಳು ವಿಲೀನಗೊಂಡವು:

• ಮುಂಬಯಿ ರಾಜ್ಯ: ಬಿಜಾಪುರ (ಈಗಿನ ವಿಜಯಪುರ), ಧಾರವಾಡ, ಉತ್ತರ ಕನ್ನಡ ಹಾಗೂ ಚಂದಗಡ ತಾಲ್ಲೂಕು ಹೊರತುಪಡಿಸಿ ಬೆಳಗಾವಿ
• ಹೈದರಾಬಾದ್ ರಾಜ್ಯ: ಗುಲ್ಬರ್ಗಾ (ಈಗಿನ ಕಲಬುರಗಿ), ರಾಯಚೂರು, ಬೀದರ್ ಜಿಲ್ಲೆಗಳ ಭಾಗಗಳು
• ಮದ್ರಾಸ್ ರಾಜ್ಯ: ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದಿವಿ ದ್ವೀಪಗಳನ್ನು ಹೊರತುಪಡಿಸಿ ದಕ್ಷಿಣ ಕನ್ನಡ, ಕೊಳ್ಳೇಗಾಲ ತಾಲ್ಲೂಕು
• ಕೊಡಗು ರಾಜ್ಯ

ವಿಸ್ತರಿಸಿದ ರಾಜ್ಯಕ್ಕೂ ಬೆಂಗಳೂರೇ ರಾಜಧಾನಿಯಾಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ‘ಕರ್ನಾಟಕ’ ಎಂದು ಮರುನಾಮಕರಣ ಮಾಡಲಾಯಿತು.

ಆದ್ದರಿಂದ ಒಂದೇ ಗ್ರಾಮದ ಹಳೆಯ ಜನನ, ಜಮೀನು ಹಾಗೂ ಶಾಲಾ ದಾಖಲೆಗಳಲ್ಲಿ ಬೇರೆ ಬೇರೆ ರಾಜ್ಯಗಳ ಹೆಸರು ನಮೂದಾಗಿರಬಹುದು. ಅರ್ಜಿದಾರರು ದಾಖಲೆಯ ದಿನಾಂಕದೊಂದಿಗೆ ಮೇಲಿನ ವಿವರಗಳನ್ನು ಹೋಲಿಸಿ ನೋಡುವುದು.