ಹಿಡಿ ನಮ್ಮದು, ಅಲಗು ಯಾರದು?

ಶೆಟ್ಟಿಕೊಪ್ಪದ ಸುತ್ತಿನ ಯಾವುದೋ ಹಳೆಯ ಮನೆಯ ಅಟ್ಟದಲ್ಲಿ ನಿಮಗೊಂದು ಉದ್ದನೆಯ ನೇರ ಕತ್ತಿ ಸಿಕ್ಕಿತೆಂದು ಭಾವಿಸಿ. ಹಿಡಿ ದೇಶಿ ಮಾದರಿಯದು. ಅಲಗಿನ ಮೇಲೆ ಮಾತ್ರ ಓಡುವ ತೋಳದ ಗುರುತಿದೆ. ಇದು ಎಲ್ಲಿಯ ಕತ್ತಿ?

ಯೂರೋಪಿನ ಅಲಗಿಗೆ ಇಲ್ಲಿನ ಹಿಡಿ ಜೋಡಿಸಿದ ಕತ್ತಿಗೆ 'ಫಿರಂಗಿ' ಎಂದು ಹೆಸರು. ಪರಂಗಿ ಹಣ್ಣಿನಂತೆ ಇದೂ ಹೆಸರಿನಲ್ಲೇ ತನ್ನ ಮೂಲವನ್ನು ಹೇಳುತ್ತದೆ. 16–17ನೆಯ ಶತಮಾನಗಳಲ್ಲಿ ಪೋರ್ಚುಗೀಸರ ಹಡಗುಗಳು ಪಶ್ಚಿಮ ಕರಾವಳಿಗೆ ಬಿಡಿ ಅಲಗುಗಳನ್ನು ತರುತ್ತಿದ್ದವು. ಮಲೆನಾಡಿನ ಮೆಣಸು ಹೊನ್ನಾವರ, ಮಂಗಳೂರು ಬಂದರುಗಳಿಗೆ ಇಳಿಯುತ್ತಿದ್ದ ಕಾಲವದು. ಕೆಳದಿ ನಾಯಕರಿಗೂ ಪೋರ್ಚುಗೀಸರಿಗೂ ವ್ಯಾಪಾರವೂ ಇತ್ತು, ಜಗಳವೂ ಇತ್ತು. ಮಲಯ ದ್ವೀಪಗಳಲ್ಲೂ ಹೀಗೆಯೇ ಸ್ಥಳೀಯ ಹಿಡಿಗೆ ಯೂರೋಪಿನ ಅಲಗು ಸೇರಿತು.

ಆದರೆ ಗುರುತೊಂದನ್ನೇ ನಂಬಬೇಡಿ. ತೋಳದ ಗುರುತು ಜರ್ಮನಿಯ ಪಾಸೌ ಪಟ್ಟಣದ್ದು; ಅದನ್ನು ಜೋಲಿಂಗೆನ್‌ನ ಕಮ್ಮಾರರೂ ಬಳಸಿದರು. ಇಟಲಿಯ ಆಂಡ್ರಿಯಾ ಫೆರಾರಾನ ಹೆಸರು ಅವನು ಸತ್ತ ಬಹುಕಾಲದ ನಂತರದ ಅಲಗುಗಳ ಮೇಲೂ ಇದೆ. ಜಿನೋವಾದ ಕುಡುಗೋಲಿನಾಕಾರದ ಗುರುತನ್ನು ನಮ್ಮ ಕಮ್ಮಾರರೂ ನಕಲು ಮಾಡಿದ್ದಾರೆ.

ಹಾಗಾದರೆ ಸಾಕ್ಷಿ ಯಾವುದು? ಲೋಹ. ನಮ್ಮ ಮೂಸೆಯ ಉಕ್ಕಿನಲ್ಲಿ ಸುಮಾರು 1.5% ಇಂಗಾಲವಿರುತ್ತದೆ. ಇದು ಕಬ್ಬಿಣದೊಡನೆ ಸೇರಿ ಸಿಮೆಂಟೈಟ್ ಎಂಬ ಗಟ್ಟಿ ಸಂಯುಕ್ತವಾಗುತ್ತದೆ. ಅದರ ತೂಕದ ಹದಿನೈದನೆಯ ಒಂದು ಭಾಗ ಮಾತ್ರ ಇಂಗಾಲ. ಆದ್ದರಿಂದ ಇಂತಹ ಅಲಗಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಸಿಮೆಂಟೈಟ್ ಆಗಿರಬಲ್ಲದು. ಅದು ಸಾಲುಗಟ್ಟಿ ನಿಂತಾಗ ಅಲಗಿನ ಮೇಲೆ ನೀರಿನ ಅಲೆಗಳಂತಹ ರೇಖೆಗಳು ಮೂಡುತ್ತವೆ. ಆ ಕಾಲದ ಯೂರೋಪಿನ ಅಲಗಿನಲ್ಲಿ ಇಂಗಾಲ ಇದಕ್ಕಿಂತ ಕಡಿಮೆ. ಬದಲಿಗೆ ಕಿಟ್ಟದ ಎಳೆಗಳಿರುತ್ತವೆ. ನ್ಯೂಟ್ರಾನ್ ವಿವರ್ತನೆಯಿಂದ ಕತ್ತಿಯನ್ನು ಕತ್ತರಿಸದೆಯೇ ಸಿಮೆಂಟೈಟನ್ನು ಅಳೆಯಬಹುದು.

ಅಲೆಗಳಿದ್ದೂ ತೋಳವಿದ್ದರೆ ತೋಳ ನಕಲಿ ಎಂದು ಶಂಕಿಸಿ. ಅಲೆಗಳಿಲ್ಲವೆಂದ ಮಾತ್ರಕ್ಕೆ ಅಲಗು ಯೂರೋಪಿನದಾಗದು; ನಮ್ಮಲ್ಲೂ ಸಾದಾ ಉಕ್ಕಿನ ಅಲಗುಗಳಿದ್ದವು. ಆಗ ಅಲಗಿನ ಆಕಾರ, ಅದರ ಉದ್ದಕ್ಕೂ ಇರುವ ತಗ್ಗುಗೆರೆ, ಹಿಡಿಯ ಬಳಿ ರಿವೆಟ್ ಹೊಡೆದ ಆಧಾರಪಟ್ಟಿಗಳು – ಇವೆಲ್ಲವನ್ನೂ ಕೂಡಿಸಿ ತೀರ್ಮಾನಿಸಬೇಕು. ಇಲ್ಲವಾದರೆ ನಮ್ಮ ಕಮ್ಮಾರನ ಕೆಲಸದ ಕೀರ್ತಿ ಜರ್ಮನಿಗೆ ಹೋದೀತು, ಜರ್ಮನಿಯದು ನಮಗೆ ಬಂದೀತು.

ಕೊನೆಯದಾಗಿ ಒಂದು ವಿನಂತಿ. ಆಯುಧಪೂಜೆಗೆಂದು ಹಳೆಯ ಕತ್ತಿಯನ್ನು ಹುಣಸೆಹಣ್ಣು, ಇಟ್ಟಿಗೆಪುಡಿ, ಮರಳುಕಾಗದಗಳಿಂದ ಉಜ್ಜಬೇಡಿ. ಮುನ್ನೂರು ವರ್ಷ ಉಳಿದುಬಂದ ಗುರುತು ಒಂದು ಮುಂಜಾನೆಯಲ್ಲಿ ಅಳಿಸಿಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಕುಂಕುಮವಿಡಿ. ಪೂಜೆಗೆ ಅಷ್ಟು ಸಾಕು, ಇತಿಹಾಸವೂ ಉಳಿಯುತ್ತದೆ.