ಅವತ್ತಿನ ಹಣ್ಣು ಅವತ್ತೇ ಪಲ್ಪರ್‌ಗೆ

ನಮ್ಮ ಮೂಡಿಗೆರೆ, ಕಳಸದ ಕಡೆ ಅರೇಬಿಕಾ ತೋಟ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತೆ. ಪಲ್ಪ್ ಮಾಡುವ ಹಣ್ಣನ್ನು ಕುಯ್ದ ದಿನವೇ ಪಲ್ಪರ್‌ಗೆ ಹಾಕಬೇಕು. ನಾಳೆ ನೋಡೋಣ ಅಂತ ರಾಶಿ ಹಾಕಿ ಬಿಟ್ಟರೆ ಬಿಸಿಯಾಗಿ ಹುಳಿಯಲು ಶುರು. ಆಮೇಲೆ ಎಷ್ಟು ತೊಳೆದರೂ ಆ ಕೆಟ್ಟ ರುಚಿ ಕಪ್‌ವರೆಗೂ ಬರುತ್ತೆ. ಪ್ರೋಗ್ರಾಮರುಗಳಿಗೆ ಇದೇ ಮಾತು ಅರ್ಥವಾಗಲು ಸುಮಾರು ನಲವತ್ತು ವರ್ಷ ಬೇಕಾಯ್ತು :)

ದಡ್ಡತನ ಅಂತಲ್ಲ. ೧೯೫೭ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಕಂಪೈಲರ್ ಕೊಟ್ಟಾಗ ಯಂತ್ರದ ಒಂದೊಂದು ನಿಮಿಷಕ್ಕೂ ದುಡ್ಡು. ಕಾರ್ಡಿನ ಕಟ್ಟು ಕೊಟ್ಟು ಗಂಟೆಗಟ್ಟಲೆ ಕಾಯಬೇಕು. ಹಾಗಾಗಿ ಎಲ್ಲರೂ ತಮ್ಮ ತಮ್ಮ ಪಾಲು ಬರೆದಿಟ್ಟುಕೊಂಡು ಕೊನೆಯಲ್ಲಿ ಒಟ್ಟು ಸೇರಿಸೋದು. ಸೇರಿಸಿದಾಗಲೇ ಜಗಳ.

೧೯೭೬ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಫೆಲ್ಡ್‌ಮನ್ 'ಮೇಕ್' ಬರೆದರು. ಅದರ ಹಿಂದಿನ ಕಥೆ ಮಜವಾಗಿದೆ. ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಿಗ್ಗೆ ಪೂರ್ತಿ ತಪ್ಪು ಹುಡುಕಿದ್ದರಂತೆ. ನೋಡಿದರೆ ತಪ್ಪನ್ನು ಆಗಲೇ ತಿದ್ದಿಯಾಗಿತ್ತು, ಆ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ ಅಷ್ಟೆ! ಯಾವ ಫೈಲು ಬದಲಾಗಿದೆ, ಯಾವುದನ್ನು ಮತ್ತೆ ಕಟ್ಟಬೇಕು ಅನ್ನೋದನ್ನ ಮನುಷ್ಯ ನೆನಪಿಡೋದು ಬೇಡ ಅಂತಾದದ್ದು ಅಲ್ಲಿಂದ.

'ಕಂಟಿನ್ಯುಯಸ್ ಇಂಟಿಗ್ರೇಷನ್' ಅನ್ನೋ ಪದವನ್ನು ೧೯೯೦ರ ದಶಕದಲ್ಲಿ ಗ್ರೇಡಿ ಬೂಚ್ ಬಳಸಿದ್ದರು. ದಿನಕ್ಕೆ ಎಷ್ಟೋ ಸಲ ಸೇರಿಸಿ ಅಂತ ಹಟ ಹಿಡಿದವರು ಕೆಂಟ್ ಬೆಕ್, ಅದೇ ದಶಕದ ಕೊನೆಯಲ್ಲಿ. ಆಮೇಲೆ ೨೦೦೧ರಲ್ಲಿ ಕ್ರೂಸ್‌ಕಂಟ್ರೋಲ್, ೨೦೦೫ರಲ್ಲಿ ಕೊಹ್ಸುಕೆ ಕವಾಗುಚಿಯವರ ಹಡ್ಸನ್. ಅದೇ ಒರಾಕಲ್ ಜೊತೆ ಜಗಳವಾಗಿ ೨೦೧೧ರಲ್ಲಿ ಜೆಂಕಿನ್ಸ್ ಆಯ್ತು. ಟೂಲುಗಳ ಪಟ್ಟಿ ಸಾಕು.

ಇದರಲ್ಲಿ ಸಿ, ಸಿ ಪ್ಲಸ್ ಪ್ಲಸ್ ಮಂದಿಯ ಪಾಡೇ ಬೇರೆ. ಬರೆದದ್ದು ಒಂದೇ ಕೋಡ್ ಆದರೂ ಲಿನಕ್ಸ್‌ಗೆ ಒಂದು ಸಲ, ವಿಂಡೋಸ್‌ಗೆ ಒಂದು ಸಲ, ಮ್ಯಾಕ್‌ಗೆ ಇನ್ನೊಂದು ಸಲ ಕಟ್ಟಬೇಕು. ಜಿಸಿಸಿ ಸುಮ್ಮನೆ ಒಪ್ಪಿದ್ದನ್ನು ಮೈಕ್ರೋಸಾಫ್ಟ್ ಕಂಪೈಲರ್ ಒಪ್ಪಲ್ಲ. 'ನನ್ನ ಮಷೀನಲ್ಲಿ ಓಡ್ತಿದೆ' ಅನ್ನೋ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಅಂತೀರಾ? ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡದ ಬಗ್ಗೆ ಬಹಳ ತಲೆಕೆಡಿಸಿಕೊಂಡಿದ್ದರು. ೨೦೦೭ರಲ್ಲಿ ಅವರು ತೀರಿಕೊಂಡಾಗಲೂ ಎಷ್ಟೋ ಕಂಪ್ಯೂಟರುಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಎಲ್ಲೋ ಪಕ್ಕಕ್ಕೆ ಬಿದ್ದಿರುತ್ತಿತ್ತು.

ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಕನ್ನಡ ಅಕ್ಷರ ಜೋಡಿಸೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಮಲಯಾಳಂ, ಕನ್ನಡ ಎಲ್ಲಕ್ಕೂ ಅದರಲ್ಲಿ ಒಂದೇ ಕೋಡ್. ಮಲಯಾಳಂಗೆ ಅಂತ ಒಂದು ಸಾಲು ತಿದ್ದಿದರೆ ನಮ್ಮ 'ಸೂರ್ಯ'ನ ಅರ್ಕಾವತ್ತು ಕೆಡಬಹುದು. ತಿದ್ದಿದವರಿಗೆ ಕನ್ನಡ ಬರಲ್ಲ. ಕೆಟ್ಟದ್ದು ಅವರಿಗೆ ಗೊತ್ತಾಗೋದು ಹೇಗೆ?

ಅದರ ಮುಖ್ಯ ಕರ್ತೃ ಬೆಹದಾದ್ ಎಸ್ಫಹಬೋದ್ ಮಾಡಿದ್ದು ಇಷ್ಟು. ೨೦೧೨ರ ಸುಮಾರಿಗೆ ನಮ್ಮ ಭಾಷೆಗಳ ವಿಕಿಪೀಡಿಯಾದ ಪದಗಳನ್ನೆಲ್ಲ ತೆಗೆದುಕೊಂಡು, ತಮ್ಮ ಫಲಿತಾಂಶವನ್ನು ವಿಂಡೋಸ್‌ನ ಯೂನಿಸ್ಕ್ರೈಬ್ ಕೊಡುವುದರ ಜೊತೆ ಹೋಲಿಸಿದರು. ಆ ಕಾಲದ ಎಷ್ಟೋ ಕಮಿಟ್‌ಗಳ ಟಿಪ್ಪಣಿಯಲ್ಲಿ ಬಂಗಾಳಿ ಇಷ್ಟು ತಪ್ಪು, ಕನ್ನಡ ಇಷ್ಟು ತಪ್ಪು ಅಂತ ಲೆಕ್ಕ ಸಿಗುತ್ತೆ. ತೋಟದ ತೂಕದ ಪುಸ್ತಕದ ಹಾಗೆ! ಆಮೇಲೆ ಟೆಸ್ಟುಗಳು ರೆಪೊಸಿಟರಿ ಒಳಗೇ ಸೇರಿಕೊಂಡವು: ಒಂದು ಫಾಂಟಿನ ತುಂಡು, ಕೆಲವು ಅಕ್ಷರಗಳು, ಬರಬೇಕಾದ ಉತ್ತರ. ಈಗ ಯಾರೇ ಬದಲಾವಣೆ ಕಳಿಸಿದರೂ ಬೇರೆ ಬೇರೆ ಕಂಪೈಲರುಗಳಲ್ಲಿ ಕಟ್ಟಿ ಅವನ್ನೆಲ್ಲ ಓಡಿಸಲಾಗುತ್ತೆ. ಕನ್ನಡದ ಪದಗಳಿಗೆ ಟೆಸ್ಟುಗಳ ನಡುವೆ 'ಸ್ಕ್ರಿಪ್ಟ್-ಕನ್ನಡ' ಅಂತ ಪ್ರತ್ಯೇಕ ಫೋಲ್ಡರೇ ಇದೆ, ಬಿಡುವಾದಾಗ ತೆಗೆದು ನೋಡಿ.